ಮ್ಯಾಚ್ ಮುಗಿಯದ ಮನೆಯ ಊಟ

ಚೆನ್ನೈ ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದ ಸದಾನಂದ "ಎರಡು ಮಸಾಲೆ!" ಎಂದು ಕೂಗಿದರೆ, ಇಳಿಯಲು ಬಂದ ವಿಮಾನ ಇನ್ನೊಂದು ಸುತ್ತು ಹೊಡೆದು ಬರುತ್ತಿತ್ತು. ಲಾಕ್‌ಡೌನ್ ಬಂತು, ಹೋಟೆಲಿಗೆ ಬೀಗ ಬಿತ್ತು, ಆ ಗಂಟಲು ಒಂದೂವರೆ ಕೋಣೆಯ ಮನೆಯಲ್ಲಿ ಬಂದು ಕೂತಿತು.

ಅಲ್ಲಾಗಲೇ ಯುದ್ಧ ನಡೆದಿತ್ತು. ಆನ್‌ಲೈನ್ ಕ್ಲಾಸಿಗೆಂದು ಕೊಡಿಸಿದ ಫೋನಿನಲ್ಲಿ ಮಗಳು ನಿಖಿತಾ ಗೆಳೆಯರ ಜೊತೆ ಗೇಮ್ ಆಡುತ್ತ ಹಗಲಿಡೀ ಗುಂಡು ಹಾರಿಸುತ್ತಿದ್ದಳು. ಅವಳು ಕೊಂದವರನ್ನು ಸಾಲಾಗಿ ಮಲಗಿಸಿದ್ದರೆ ಅವರ ಮೇಲೇ ನಡೆದು ತಮ್ಮೂರು ಉಡುಪಿ ತಲುಪಬಹುದಿತ್ತು, ಲಾಕ್‌ಡೌನ್ ಪಾಸೂ ಬೇಡ. ಹುಡುಗಿ ಮಾತ್ರ ಊಟ ಬಿಟ್ಟು ಕರಿಬೇವಿನ ಕಡ್ಡಿಯಾಗಿದ್ದಳು.

ಕೊನೆಯ ಗಿರಾಕಿ ಏಳುವ ತನಕ ಬಡಿಸಿದವನು ಉಣ್ಣಬಾರದು ಎಂಬುದು ಹೋಟೆಲಿನ ಕಟ್ಟಳೆ. ಸದಾನಂದ ಅದನ್ನು ಮನೆಗೂ ತಂದಿದ್ದ. ಮಗಳು ಉಣ್ಣದೆ ಅವನು ಉಣ್ಣ, ಅವನು ಉಣ್ಣದೆ ಹೆಂಡತಿ ಬೇಬಿ ಉಣ್ಣಳು.

"ಅವಳೆಂತ ಗಿರಾಕಿಯಾ? ಫೋನ್ ಎಳೀರಿ ಮಾರಾಯ್ರೆ," ಎಂದಳು ಬೇಬಿ.

"ಎಳೆದ್ರೆ ಈಗ ಆಡುವ ಎರಡು ಮಾತೂ ನಿಲ್ತದೆ," ಎಂದ ಸದಾನಂದ. ಅವನ ಹೆದರಿಕೆ ಅದೇ. "ಮಗಾ, ಬಾ. ಅನ್ನ ತಣ್ದು ಕಲ್ಲಾಯ್ತು."

"ಮ್ಯಾಚ್ ಮುಡಿಯಟ್ಟುಂಪ್ಪಾ."

ಮ್ಯಾಚ್ ಮುಗಿಯಲಿ ಎಂಬ ಈ ತಮಿಳು ಉತ್ತರ ಗೋಡೆಯ ಹಲ್ಲಿಗೂ ಬಾಯಿಪಾಠವಾಗಿತ್ತು.

ಮಧ್ಯಾಹ್ನ ಸಂಜೆಯತ್ತ ಜಾರಿತು. ಸೌಟು ಹಿಡಿದೇ ಗೋಡೆಗೊರಗಿದ ಸದಾನಂದನಿಗೆ ಜೊಂಪು ಹತ್ತಿತು. ಹಸಿದ ಹೊಟ್ಟೆಯ ಅರೆನಿದ್ದೆಯಲ್ಲಿ ಹಳೇ ಗಂಟಲು ಎದ್ದಿತು: "ಕಡೇ ಪಂಕ್ತಿ! ಯಾರ್ ಇನ್ನುಂ ಸಾಪ್ಪಿಡಲೇ?"

ಊಟ ಆಗದವರು ಯಾರು ಎಂದು ಕೇಳಿದ್ದಕ್ಕೆ ಫೋನಿನೊಳಗಿಂದಲೇ ಮಗಳ ಜೊತೆ ಆಡುತ್ತಿದ್ದವರ ಉತ್ತರ ಬಂತು. "ಅಂಕಲ್, ನಾನ್!" ಚೆನ್ನೈಯ ಆಚೆ ತುದಿಯ ಕಾಸಿಮೇಡಿನ ಹುಡುಗ. "ನಾನುಂ!" ಮಣಲಿಯವನು. ಮೂರನೆಯದು ಹುಡುಗಿ; ಮೆಲ್ಲಗೆ, "ಎಂಗಮ್ಮಾವುಂ," ಎಂದಳು. ತನ್ನ ಅಮ್ಮನೂ ಉಂಡಿಲ್ಲವಂತೆ.

"ಅಯ್ಯೋ ಅಪ್ಪಾ, ಮೈಕ್ ಆನ್‌ಲ ಇರುಕ್ಕು!" ನಿಖಿತಾ ಚೀರಿದಳು.

ಸದಾನಂದ ಬೈಯಲಿಲ್ಲ. ಫೋನಿನತ್ತ ಬಗ್ಗಿ, ಹೋಗಿ ಉಣ್ಣಿ ಮಕ್ಕಳೇ, ಅಮ್ಮಂದಿರು ಕಾಯ್ತಿದ್ದಾರೆ ಎಂದು ತಮಿಳಿನಲ್ಲಿ ಹೇಳಿದ. ಒಬ್ಬೊಬ್ಬರೇ ಆಟ ಬಿಟ್ಟು ಎದ್ದು ಹೋದರು. ಜೊತೆಯವರಿಲ್ಲದ ನಿಖಿತಾ ಕಣ್ಣು ಮಿಟುಕಿಸುವುದರೊಳಗೆ ಸತ್ತಳು.

"ಮಾನಮೇ ಪೋಚ್ಚು," ಮರ್ಯಾದೆಯೇ ಹೋಯಿತು ಎನ್ನುತ್ತ ಮುಖ ಊದಿಸಿ ತಟ್ಟೆಯ ಮುಂದೆ ಕೂತಳು. ಎಡಗೈ ಹೆಬ್ಬೆರಳು ನೆಲದ ಮೇಲೆ ಇನ್ನೂ ಗುಂಡು ಹಾರಿಸುತ್ತಿತ್ತು. ಸದಾನಂದ ಅದನ್ನು ಕಂಡೂ ಕಾಣದಂತೆ ಸಾರು ಬಡಿಸಿದ.

ನಾಲ್ಕು ತುತ್ತಾದ ಮೇಲೆ ಅವಳೇ ಬಾಯಿಬಿಟ್ಟಳು, ಅದೂ ಕನ್ನಡದಲ್ಲಿ: "ಸಾರು ಚೆನ್ನಾಗುಂಟು."

"ನಿನ್ನೆಯದ್ದು," ಎಂದು ಬೇಬಿ ತನ್ನ ಪಂಕ್ತಿಗೆ ಕಾಯುತ್ತ ಗೋಡೆಗೊರಗಿ ಕಣ್ಣು ಮುಚ್ಚಿದಳು.