ನಂಜಿ ಮೋಸ ಮಾಡುವುದನ್ನು ಬಿಟ್ಟಾಗ

ನನ್ನ ಓರಗಿತ್ತಿ ನಂಜಮ್ಮ ವಯಸ್ಸಾದ ಮೇಲೆ ಒಳ್ಳೆಯವಳಾದಳು ಎಂದು ನಮ್ಮ ಕೆಂಪಾಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅವಳು ಒಳ್ಳೆಯವಳಾಗಲಿಲ್ಲ. ಚೌಕಾಬಾರದಲ್ಲಿ ಮೋಸ ಮಾಡುವುದು ಹೇಗೆಂದು ಅವಳಿಗೆ ಮರೆತುಹೋಗಿತ್ತು. ನಡೆದದ್ದು ಇಷ್ಟೇ.

ಮುಂದಿನದನ್ನು ಹೇಳುವ ಮುಂಚೆ ನನ್ನ ವಿದ್ಯಾಭ್ಯಾಸದ ಬಗ್ಗೆ ಒಂದು ಮಾತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಮನೆಯ ಎಮ್ಮೆ ಕರು ಹಾಕಿತು. ನಾನು ಯಾರಿಗೆ ಸೇರಬೇಕು ಎಂದು ಎಮ್ಮೆಗೂ ಮೇಷ್ಟರಿಗೂ ನಡೆದ ಪೈಪೋಟಿಯಲ್ಲಿ ಎಮ್ಮೆ ಗೆದ್ದಿತು. ಆದ್ದರಿಂದ ಮಿದುಳು, ನರ, ಸಂಶೋಧನೆ ಮುಂತಾದ ಘನವಾದ ಶಬ್ದಗಳು ಈ ಬರಹದಲ್ಲಿ ಕಂಡರೆ, ಅವು ಮುಂದೆ ಬರುವ ಡಾಕ್ಟರಮ್ಮನ ಬಾಯಿಂದ ಬಿದ್ದವು, ನಾನು ಹೆಕ್ಕಿ ಮಡಿಲಿಗೆ ಹಾಕಿಕೊಂಡವು ಎಂದು ತಿಳಿಯಿರಿ. ಚೌಕಾಬಾರದ ವಿದ್ವತ್ತು ಮಾತ್ರ ನನ್ನ ಸ್ವಂತದ್ದು.

ನಾನೂ ನಂಜಿಯೂ ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಕಾಂಪೌಂಡಿಗೆ ಬಂದವರು. ನಾನು ಅಣ್ಣನ ಹೆಂಡತಿ, ಆದ್ದರಿಂದ ಅವಳಿಗೆ ಅಕ್ಕ. ಆಗ ನಮ್ಮ ಮನೆಯ ಹಿಂದೆ ದ್ರಾಕ್ಷಿ ತೋಟವಿತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ಅದರ ಏಳನೇ ಮಹಡಿಯವರು ಬಟ್ಟೆ ಒಣಗಿಸಿದರೆ ನಮ್ಮ ಅಂಗಳಕ್ಕೆ ನೆರಳು. ಗಂಡಂದಿರು ಹೋದರು, ತೋಟ ಹೋಯಿತು, ಮಧ್ಯಾಹ್ನದ ಚೌಕಾಬಾರ ಉಳಿಯಿತು. ನಂಜಿಯ ಮನೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಹುಣಸೆಬೀಜವನ್ನೋ ಬಳೆಚೂರನ್ನೋ ಕಾಯಿ ಮಾಡಿಕೊಂಡು, ನಾಲ್ಕು ಕವಡೆ ಹಾಕಿ, ಬಿದ್ದಷ್ಟು ಮನೆ ನಡೆಸುವ ಆಟ ಅದು. ಎದುರಾಳಿಯ ಕಾಯಿ ಇದ್ದ ಮನೆಗೆ ನಮ್ಮ ಕಾಯಿ ಬಂದರೆ ಅದನ್ನು ಹೊಡೆಯಬಹುದು. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು. ನಡುಮನೆ ಸೇರಿದ್ದು ಹಣ್ಣು.

ನಂಜಿ ಈ ಆಟದಲ್ಲಿ ಮಹಾ ಕಳ್ಳಿ. ಕೈಯಲ್ಲಿ ಕದಿಯುವ ಒರಟು ಕಳ್ಳತನವಲ್ಲ. ಅವಳದು ಸೆರಗಿನ ಕಸುಬು. ಜಾರಿದ ಸೆರಗನ್ನು ಸರಿಮಾಡಿಕೊಳ್ಳುವ ನೆವದಲ್ಲಿ, ಮುಖದಲ್ಲಿ ಪರಮ ಸಾಧ್ವಿಯ ಗಾಂಭೀರ್ಯವನ್ನು ಧರಿಸಿ, ಅದರ ಅಂಚಿನಿಂದಲೇ ತನ್ನ ಕಾಯಿಯನ್ನು ಒಂದು ಮನೆ ಮುಂದಕ್ಕೆ ದಾಟಿಸಿಬಿಡುತ್ತಿದ್ದಳು. ನಾನು ಹಿಡಿಯುತ್ತಿದ್ದೆ. ಅವಳು ದೇವರ ಮೇಲೆ ಆಣೆ ಇಡುತ್ತಿದ್ದಳು. ನಾನು ಅವಳ ತವರನ್ನು ಎತ್ತಿ ಆಡುತ್ತಿದ್ದೆ. ಸಂಜೆ ಅವಳ ಮನೆಯ ಸಾರು ನಮ್ಮ ಮನೆಗೆ ಬರುತ್ತಿತ್ತು. ನಲವತ್ತು ವರ್ಷ ಸಂಸಾರ ಮಾಡಿದ್ದು ಗಂಡನ ಜೊತೆಗೋ ಇವಳ ಜೊತೆಗೋ ಎಂದು ನನಗೇ ಒಮ್ಮೊಮ್ಮೆ ಅನುಮಾನ.

ಇಂಥವಳು ಕಳೆದ ವರ್ಷ ಇದ್ದಕ್ಕಿದ್ದಂತೆ ಜಗಳ ಬಿಟ್ಟಳು. ಸೊಸೆ ಲತಾ ಉಪ್ಪು ಕಡಿಮೆ ಹಾಕಿದರೂ ನಗು, ಹೆಚ್ಚು ಹಾಕಿದರೂ ನಗು. ಹಾಲಿನವನೊಡನೆ ವಾದವಿಲ್ಲ. ನಾಲ್ಕು ಜನ ಕೂತು ಮಾತಾಡುವ ಕಡೆ ಸುಮ್ಮನೆ ಕೂತು ತಲೆಯಾಡಿಸುತ್ತಾಳೆ. ಬೀದಿಯವರೆಲ್ಲ ಎಂಥ ಸಮಾಧಾನ, ಎಂಥ ಪಕ್ವತೆ ಎಂದು ಹೊಗಳಿದ್ದೇ ಹೊಗಳಿದ್ದು. ನನಗೂ ಮೊದಮೊದಲು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆಟದಲ್ಲಿ ಒಂದೇ ಸಮನೆ ಗೆಲ್ಲುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಅವಳು ನಡುಮನೆ ಸೇರಿ ಹಣ್ಣಾಗಿದ್ದ ತನ್ನ ಕಾಯಿಯನ್ನು ತಾನೇ ಎತ್ತಿ ಮೊದಲ ಮನೆಗೆ ಇಟ್ಟು ನನ್ನ ಮುಖ ನೋಡಿ ನಕ್ಕಳು. ಪರೀಕ್ಷಿಸೋಣವೆಂದು ನಾನೇ ಸೆರಗು ಎಳೆದುಕೊಂಡು, ಅವಳ ಕಣ್ಣೆದುರಿಗೇ, ನನ್ನ ಕಾಯಿಯನ್ನು ಎರಡು ಮನೆ ನೂಕಿದೆ. ನಂಜಿ ನೋಡಿದಳು. ತನ್ನ ಸರದಿಗೆ ಕವಡೆ ಎತ್ತಿಕೊಂಡಳು. ಯೋಚಿಸಿ ನೋಡಿ: ಮೋಸ ಮಾಡುವುದಕ್ಕೆ ಕಾಯಿ ಎಲ್ಲಿತ್ತೆಂಬ ಜ್ಞಾಪಕ ಬೇಕು, ಹಿಡಿಯುವುದಕ್ಕೂ ಅದೇ ಬೇಕು.

ಅವಳ ಮಗ ಉಮೇಶನನ್ನು ಅವತ್ತೇ ಗೇಟಿನ ಹತ್ತಿರ ತಡೆದೆ. ಅವನು ಬಿಲ್ಡರು, ಕಾರಿನಲ್ಲೇ ತಿಂಡಿ, ಕಾರಿನಲ್ಲೇ ಊಟ.

“ನಿಮ್ಮಮ್ಮಂಗೆ ಮರೆವಿನ್ ಕಾಯ್ಲೆ ಶುರುವಾಗೈತೆ. ಡಾಕ್ಟರ್‌ಗೆ ತೋರ್ಸು.”

“ಅಯ್ಯೋ ದೊಡ್ಡಮ್ಮ, ಈಗ್ಲಾದ್ರೂ ಮನೇಲಿ ಶಾಂತಿ ಇದೆ. ಯಾಕೆ ಸುಮ್ನೆ ಕೆಣಕ್ತೀರಾ? ಆಟದಲ್ಲಿ ಗೆಲ್ತಾ ಇರೋರು ನೀವೇ ಅಲ್ವಾ?”

“ಗೆಲ್ತಾ ಇರೋದ್ಕೇ ಕಣೋ ನಂಗೆ ದಿಗಿಲು.”

ಅವನು ನಕ್ಕು ಹೊರಟುಹೋದ. ಆದರೆ ಮಾತು ಅವನೊಳಗೆ ಕೂತಿರಬೇಕು. ಎರಡು ದಿನ ಬಿಟ್ಟು ಬಂದು, ಮೊಬೈಲ್ ಹಿಡಿದು, ಈ ಕಾಯಿಲೆಗೆ ಹೊಸ ಔಷಧಿ ಬಂದಿದೆಯಂತೆ, ಡ್ರಿಪ್‌ನಲ್ಲಿ ಕೊಡ್ತಾರಂತೆ, ಆದರೆ ಶುರುವಿನಲ್ಲೇ ಕೊಟ್ಟರೆ ಮಾತ್ರ ಪ್ರಯೋಜನವಂತೆ ಎಂದ. ಹೇಳುವಾಗ ಅವನ ದನಿ ಚಿಕ್ಕ ಮಗುವಿನದಾಗಿತ್ತು. ಶುರು ಎಂದರೆ ಎಲ್ಲಿಯವರೆಗೆ, ನಾವಾಗಲೇ ಅದನ್ನು ದಾಟಿದೆವೋ ಏನೋ ಎಂಬುದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೂವರೂ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ನನ್ನ ಮೊಮ್ಮಗಳ ವಯಸ್ಸಿನವಳು. ಮೊದಲು ಕೇಳಿದ್ದೇ “ಇವರ ಸ್ವಭಾವ ಏನಾದ್ರೂ ಬದಲಾಗಿದೆಯಾ?” ಎಂದು. ನಾನು ಸೆರಗಿನ ವಿಷಯ ಹೇಳಿದೆ. ಅವಳು ನಗಲಿಲ್ಲ, ಬರೆದುಕೊಂಡಳು. ಆಗಲೇ ಅವಳ ಮೇಲೆ ನನಗೆ ಗೌರವ ಬಂತು. ನಂಜಿಗೆ ಮೂರು ಪದ ಹೇಳಿ, ಬೇರೆ ಮಾತಾಡಿ, ಆಮೇಲೆ ಆ ಪದಗಳನ್ನು ಕೇಳಿದಳು. ನಂಜಿ ಒದ್ದಾಡುವುದನ್ನು ನೋಡಲಾರದೆ ನಾನು “ಮಾವಿನ್ಹಣ್ಣು!” ಅಂದುಬಿಟ್ಟೆ. “ಅಜ್ಜಿ, ಪರೀಕ್ಷೆ ನಿಮಗಲ್ಲ” ಎಂದಳು. ಮೇಷ್ಟರ ನಂತರ ನನ್ನನ್ನು ಹೀಗೆ ಗದರಿಸಿದವಳು ಇವಳೇ.

ರಕ್ತ, ಸ್ಕ್ಯಾನು, ಕಿವಿ ಎಲ್ಲ ನೋಡಿ ಮುಗಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದಳು. ಕಾಯಿಲೆ ಇದೆ, ಇನ್ನೂ ಮೊದಲ ಹಂತದಲ್ಲಿದೆ. ಹೊಸ ಔಷಧಿ ಮಿದುಳಿನಲ್ಲಿ ಕಟ್ಟಿಕೊಂಡ ಅಂಟಿನಂಥದ್ದನ್ನು ತೆಗೆಯುತ್ತದೆ. ಹೋದ ನೆನಪನ್ನು ತರುವುದಿಲ್ಲ, ಹೋಗುವುದನ್ನು ಕೊಂಚ ನಿಧಾನ ಮಾಡುತ್ತದೆ. ಆದರೆ ಕೆಲವರಿಗೆ ಮಿದುಳಿನಲ್ಲಿ ಬಾವು ಬರುತ್ತದೆ, ರಕ್ತ ಜಿನುಗುತ್ತದೆ; ನಂಜಮ್ಮನವರು ಹೃದಯಕ್ಕಾಗಿ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ ಆ ಡ್ರಿಪ್ ಇವರಿಗೆ ಬೇಡ. ಉಮೇಶ ತಲೆ ತಗ್ಗಿಸಿದ. ಡ್ರಿಪ್ ಏರಿಸಿದರೆ ನಂಜಿ ಎದ್ದು ಕೂತು ಮೋಸ ಶುರುಮಾಡುತ್ತಾಳೆ ಎಂದು ದಾರಿಯುದ್ದಕ್ಕೂ ಕನಸು ಕಂಡಿದ್ದ ನಾನೂ ತಗ್ಗಿಸಿದೆ.

“ಬೇರೆ ಮಾತ್ರೆ ಕೊಡ್ತೀನಿ. ಜೊತೆಗೆ ಇವರ ಎರಡೂ ಕಿವಿ ಮಂದವಾಗಿವೆ. ಮೊದಲು ಅದನ್ನ ಸರಿಮಾಡೋಣ” ಎಂದಳು ಡಾಕ್ಟರಮ್ಮ.

ಮರೆವಿಗೆ ಮದ್ದು ಕೇಳಿದರೆ ಕಿವಿಗೆ ಯಂತ್ರ ಕೊಡುತ್ತಾಳಲ್ಲ, ಕಾಲು ಮುರಿದವನಿಗೆ ಕನ್ನಡಕ ಕೊಟ್ಟ ಹಾಗೆ, ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಅವಳು ಬೇಸರಿಸಿಕೊಳ್ಳದೆ ತಿಳಿಸಿದಳು: ಕಿವಿ ಕೇಳದವರು ಮಾತಿನಿಂದ, ಜನರಿಂದ ಹಿಂದೆ ಸರಿಯುತ್ತಾರೆ, ಮಿದುಳಿಗೆ ಕೆಲಸ ತಪ್ಪುತ್ತದೆ. ಕಿವಿ, ಬಿ.ಪಿ., ಸಕ್ಕರೆ, ನಡಿಗೆ, ನಾಲ್ಕು ಜನರ ಒಡನಾಟ, ಇವನ್ನು ನೋಡಿಕೊಂಡರೆ ಎಷ್ಟೋ ಜನರಿಗೆ ಈ ಕಾಯಿಲೆ ಬರದಂತೆ ತಡೆಯಬಹುದು, ಬಂದರೂ ತಡವಾಗಿ ಬರುವಂತೆ ಮಾಡಬಹುದು ಎಂದು ಈಗಿನ ಸಂಶೋಧನೆ ಹೇಳುತ್ತಿದೆಯಂತೆ. ಬಂದವರಿಗೆ ಎಷ್ಟು ಉಪಯೋಗವಾಗುತ್ತದೆಂದು ಭರವಸೆ ಕೊಡುವುದಿಲ್ಲ ಎಂದೂ ಸೇರಿಸಿದಳು. ಆಮೇಲೆ ಉಮೇಶನ ಹೊಟ್ಟೆಯನ್ನು ನೋಡಿ, “ಈ ಪಾಠ ನಿಜವಾಗಿ ನಿಮ್ಮ ವಯಸ್ಸಿನವರಿಗೆ ಸರ್. ನಿಮ್ಮ ಶುಗರ್ ಎಷ್ಟಿದೆ?” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನ ತೋಳಿಗೂ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಅಲ್ಲಿಗೆ ನಗು ನಿಂತಿತು. ಈಗ ನಾನೂ ಮಾತ್ರೆಯವಳೇ.

ಕಿವಿಯ ಯಂತ್ರ ನಮ್ಮನ್ನು ಗೋಳಾಡಿಸಿತು. ನಂಜಿ ಅದನ್ನು ತೆಗೆದು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಲತಾ ಹುಡುಕಿ ತಂದು ಹಾಕುತ್ತಿದ್ದಳು. ಉಮೇಶ ಬೆಳಿಗ್ಗೆ ಕಾರು ಬಿಟ್ಟು ಅಮ್ಮನ ಕೈ ಹಿಡಿದು ಪಾರ್ಕಿಗೆ ನಡೆಯತೊಡಗಿದ. ಮಧ್ಯಾಹ್ನ ನಾನು ಚೌಕಾಬಾರ ಬರೆಯುತ್ತಿದ್ದೆ, ಗೆಲ್ಲುತ್ತಿದ್ದೆ, ಬಾಯಿಗೆ ಬೂದಿ ಹಾಕಿಕೊಂಡಂತೆ ಮನೆಗೆ ಬರುತ್ತಿದ್ದೆ.

ಮಾಗಿ ಮುಗಿದು ಬಿಸಿಲು ಏರಿದ ಮೇಲೆ, ಮೊನ್ನೆ ಒಂದು ಮಧ್ಯಾಹ್ನ, ನನ್ನ ಕಾಯಿ ನಂಜಿಯ ಕಾಯಿಯ ಹಿಂದೆಯೇ ಹೊಂಚು ಹಾಕಿ ನಿಂತಿತ್ತು. ಕವಡೆ ಹಾಕಲು ಕೈ ಎತ್ತಿದೆ. ನಂಜಿಯ ಸೆರಗು ಜಾರಿತು. ಅವಳು ಅದನ್ನು ಎಳೆದುಕೊಂಡಳು. ನೋಡುತ್ತೇನೆ, ಅವಳ ಕಾಯಿ ನನ್ನ ಎಟುಕಿನಿಂದ ಒಂದು ಮನೆ ಆಚೆ!

“ಏಯ್ ಕಳ್ಳಿ!” ಎಂದು ಕೂಗಿದೆ.

“ನಾನೇನ್ ಮಾಡ್ದೆ? ಅಲ್ಲೇ ಇತ್ತು ಕಣಕ್ಕ, ದೇವ್ರಾಣೆ!”

“ಆಣೆ ಇಡೋಕೂ ಜ್ಞಾಪ್ಕ ಬಂತೇನೇ ನಿಂಗೆ?”

“ಮೆತ್ತಗ್ ಮಾತಾಡು. ಕಿವೀಗ್ ಮಿಸೀನ್ ಆಕೈತೆ, ಎಲ್ಲಾ ಕೇಳುಸ್ತದೆ!”

ಲತಾ ಒಳಗಿನಿಂದ ಸೌಟು ಹಿಡಿದೇ ಓಡಿಬಂದಳು. ನಾವಿಬ್ಬರೂ ಜಗುಲಿಯ ಮೇಲೆ ಅರಚಾಡುತ್ತಿರುವುದನ್ನು ಕಂಡು, ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಾರು ಉಕ್ಕಿತ್ತೋ ಏನೋ.

ಪವಾಡವಾಯಿತೆಂದು ತಿಳಿಯಬೇಡಿ. ಅವತ್ತೇ ಸಂಜೆ ನಂಜಿ ಅಪಾರ್ಟ್‌ಮೆಂಟಿನ ಗೋಡೆಯ ಕಡೆ ನೋಡುತ್ತಾ ದ್ರಾಕ್ಷಿಗೆ ಔಷಧಿ ಹೊಡೆಸಿದಿರಾ ಎಂದು ಕೇಳಿದಳು. ಕಾಯಿಲೆ ಎಲ್ಲಿಗೂ ಹೋಗಿಲ್ಲ. ಅವಳು ಮತ್ತೆ ಮೋಸ ಮಾಡಿದ್ದು ಮಾತ್ರೆಯಿಂದಲೋ, ಕಿವಿಯಿಂದಲೋ, ನಡಿಗೆಯಿಂದಲೋ, ಇಲ್ಲ ಅವತ್ತಿನ ದಿನವೇ ಚೆನ್ನಾಗಿತ್ತೋ ಎಂದು ಕೇಳಿದರೆ ಡಾಕ್ಟರಮ್ಮನೂ ಹೇಳಲಾರಳು, ಕೇಳಿದೆ, ಹೇಳಲಿಲ್ಲ. ನನಗೆ ತಿಳಿದದ್ದು ಬೇರೆ. ವಯಸ್ಸಾದವರು ನಮಗೆ ತೊಂದರೆ ಕೊಡುವುದನ್ನು ನಿಲ್ಲಿಸಿದರೆ ನಾವು ಅವರನ್ನು ಒಳ್ಳೆಯವರು ಎನ್ನುತ್ತೇವೆ, ಅವರು ಎಲ್ಲಿಗೆ ಹೊರಟರು ಎಂದು ಕೇಳುವುದಿಲ್ಲ. ನನ್ನ ಬಾಯಿ ಮೆತ್ತಗಾಗಿ, ಎಲ್ಲರನ್ನೂ ಹೊಗಳಲು ಶುರುಮಾಡಿದ ದಿನ ನನ್ನನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ಆ ದಿನ ಹತ್ತಿರದಲ್ಲಿ ಇಲ್ಲವೆಂದು ನನ್ನ ಸೊಸೆಯ ಅಭಿಪ್ರಾಯ.

ಮರುದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿ, ಮಧ್ಯಾಹ್ನದವರೆಗೆ ಕಾಯಲಾರದೆ, ನಂಜಿಯ ಜಗುಲಿಗೆ ಹೋದೆ. ಮನೆಗಳನ್ನು ಸ್ವಲ್ಪ ಅವಳ ಕಡೆಗೇ ಬರೆದೆ, ಸೆರಗಿಗೆ ಎಟುಕುವ ಹಾಗೆ. ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ. ಕವಡೆಗಳನ್ನು ಅವಳ ಕೈಗೆ ಹಾಕಿ, “ನೀನೇ ಮೊದ್ಲು ಆಡೇ, ಕಳ್ಳಿ” ಎಂದೆ.