ಸಂಗಮ್ಮ ಸರಿಯಾಗಿಯೇ ಬಂದ್ ಮಾಡಿದ್ದರು

ವಾಡಿಯ ಕಣ್ಣಿನ ಆಸ್ಪತ್ರೆಯ ಕಂಪ್ಯೂಟರನ್ನು ಕೆಡಿಸಿದವನು ನಾನು. ಸಂಗಮ್ಮ ಅಲ್ಲ. ಕೆಟ್ಟದ್ದು ನನ್ನ ಕೈಯಿಂದ ಎಂದು ಮೊದಲ ದಿನವೇ ನನಗೆ ಗೊತ್ತಾಗಿತ್ತು. ಸರಿಪಡಿಸಲು ಎರಡು ನಿಮಿಷ ಸಾಕೆಂಬುದೂ ಗೊತ್ತಿತ್ತು. ಆದರೂ ನಾಲ್ಕು ಜನರೆದುರು ತಪ್ಪನ್ನು ಆಕೆಯ ಮೇಲೆ ಹೊರಿಸಿದೆ. ಹೊರಿಸಿದ್ದಷ್ಟೇ ಅಲ್ಲ — ಮಷಿನ್ ಉಳಿಸಿದವನು ಎಂಬ ಹೆಸರನ್ನೂ ನಾನೇ ತೆಗೆದುಕೊಂಡೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಶಹಾಬಾದಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಕ್ಲಾಸ್ ಇತ್ತು. ವಾಡಿಯಲ್ಲಿದ್ದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ವಾರಕ್ಕೊಮ್ಮೆ, ಶನಿವಾರ, ಹೋಗಿ ಅಲ್ಲಿನ ಒಂದೇ ಒಂದು ಕಂಪ್ಯೂಟರನ್ನು ನೋಡಿಕೊಂಡು ಬರುತ್ತಿದ್ದೆ. ಹೈದರಾಬಾದಿನ ಯಾರೋ ಇಂಜಿನಿಯರ್ ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟು ಹೋಗಿದ್ದರು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯಿಂದ ಬರುವ ರೋಗಿಗಳ ಹೆಸರು, ಯಾವ ಕಣ್ಣು, ಆಪರೇಷನ್ ಯಾವ ದಿನ — ಎಲ್ಲವೂ ಅದರಲ್ಲೇ ಇತ್ತು.

ಅದನ್ನು ನಡೆಸುತ್ತಿದ್ದವರು ಸಂಗಮ್ಮ. ನಾಲವಾರದವರು, ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಹತ್ತನೆಯ ತರಗತಿಯವರೆಗೆ ಓದಿದ್ದರು. ಮೊದಲು ಅಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದವರು, ನೋಡಿ ನೋಡಿ ಕಂಪ್ಯೂಟರ್ ಕಲಿತಿದ್ದರು. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವುದಕ್ಕೆ ನನ್ನ ಕ್ಲಾಸಿನ ಹುಡುಗರು ಹೆದರುತ್ತಿದ್ದರು, ಆಕೆ ಹೆದರುತ್ತಿರಲಿಲ್ಲ. ನಾನು ಹೇಳಿದ್ದನ್ನು ಒಂದು ವಹಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮುಂದಿನ ವಾರ ನನಗೇ ಉತ್ತರ ಬಾರದ ಪ್ರಶ್ನೆ ಕೇಳುತ್ತಿದ್ದರು. ಅದು ನನಗೆ ಹಿಡಿಸುತ್ತಿರಲಿಲ್ಲ. ಆಗ ಹಾಗೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ, ಅಷ್ಟೇ.

ಆ ಶನಿವಾರ ಸಂಜೆ ಸಂಗಮ್ಮ ಕೆಲಸ ಮುಗಿಸಿ ಕಂಪ್ಯೂಟರ್ ಬಂದ್ ಮಾಡಿದರು. ಕ್ರಮವಾಗಿ ಮಾಡಿದರು — ಪರದೆ ಆರಿ, ಒಳಗಿನ ಫ್ಯಾನಿನ ಸದ್ದು ನಿಂತ ಮೇಲೆಯೇ ಸ್ವಿಚ್ ತೆಗೆದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ್ದೇನೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ನೋಡಿದ್ದೇನೆ.

ಆಕೆ ರೈಲಿಗೆ ಹೋದ ಮೇಲೆ ನಾನು ಅದನ್ನು ಮತ್ತೆ ಚಾಲೂ ಮಾಡಿದೆ. ಹಾರ್ಡ್ ಡಿಸ್ಕನ್ನು ನಡೆಸುವ ಕಂಟ್ರೋಲರಿಗೆ ಬೇರೆ ಬೇರೆ ಮೋಡ್ ಇರುತ್ತವೆ, ಹಳೆಯ ಐಡಿಇ ಬಿಟ್ಟು ಎಎಚ್‌ಸಿಐ ಇಟ್ಟರೆ ಡಿಸ್ಕ್ ಚುರುಕಾಗುತ್ತದೆ ಎಂದು ಒಂದು ಪತ್ರಿಕೆಯಲ್ಲಿ ಓದಿದ್ದೆ. ಸೋಮವಾರ ಮಷಿನ್ ಓಡುವುದು ನೋಡಿ ಎಲ್ಲರೂ ಬೆರಗಾಗಲಿ ಎಂಬ ಆಸೆ. ಶುರುವಿನಲ್ಲೇ ಒಂದು ಕೀಲಿ ಒತ್ತಿ, ಮಷಿನ್ನಿನ ಮೂಲ ಸೆಟ್ಟಿಂಗ್ ಇರುವ ಬಯೋಸಿನ ನೀಲಿ ಪುಟ ತೆರೆದು, ಮೋಡ್ ಬದಲಿಸಿ ಉಳಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿಗೆ ಜೋಡಿಸಿದ್ದ ಯುಪಿಎಸ್ ಬ್ಯಾಟರಿ ಕೂಗತೊಡಗಿತು. ಶಹಾಬಾದಿನ ಗಾಡಿಗೆ ಹೊತ್ತಾಗಿತ್ತು. ಲಿನಕ್ಸ್ ಏಳುತ್ತದೋ ಇಲ್ಲವೋ ನೋಡದೆ ಸ್ವಿಚ್ ತೆಗೆದು ನಡೆದೆ.

ಅದು ಏಳುವಂತಿರಲಿಲ್ಲ. ಮೊದಲು ಲಿನಕ್ಸಿಗೆ ಹೊಸ ಮೋಡಿನಲ್ಲಿ ಡಿಸ್ಕನ್ನು ಗುರುತಿಸುವುದನ್ನು ಕಲಿಸಬೇಕು — ಅದು ಎದ್ದೇಳುವಾಗ ಬಳಸುವ ಕಡತದಲ್ಲಿ ಆ ಮೋಡಿನ ಡ್ರೈವರ್ ಸೇರಿಸಬೇಕು, ಡಿಸ್ಕಿನ ಹೆಸರು ಬದಲಾಗುವುದರಿಂದ ಅದನ್ನೂ ತಿದ್ದಬೇಕು. ಆಮೇಲೆ ಬಯೋಸಿಗೆ ಕೈ ಹಾಕಬೇಕು. ಪತ್ರಿಕೆಯ ಮುಂದಿನ ಪುಟದಲ್ಲೇ ಅದು ಇತ್ತು. ನಾನು ಆ ಪುಟ ಓದಿರಲಿಲ್ಲ.

ಸೋಮವಾರ ಬೆಳಿಗ್ಗೆ ಫೋನ್ ಬಂತು. ಹೋದೆ. ಹಿರಿಯ ಡಾಕ್ಟರು, ಕಂಪೌಂಡರ್, ಇಬ್ಬರು ನರ್ಸುಗಳು ಆ ಕೋಣೆಯಲ್ಲಿ ನಿಂತಿದ್ದರು. ಹೊರಗೆ ರೋಗಿಗಳ ಸಾಲು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಹರಿದು, ಕೊನೆಯ ಸಾಲಿಗೆ ಬಂದು ನಿಂತಿತ್ತು: ಡಿಸ್ಕ್ ಸಿಗುತ್ತಿಲ್ಲ. ಓದಿದ ಕೂಡಲೇ ಅರ್ಥವಾಯಿತು.

"ಏನಾಗ್ಯದ್ರಿ ಆಚಾರ್ರ?" ಡಾಕ್ಟರು ನನ್ನನ್ನು ಕೇಳಿದರು.

ಆಗಲೇ ನೀಲಿ ಪುಟ ತೆರೆದು ಹಳೆಯ ಮೋಡಿಗೆ ತಿರುಗಿಸಬಹುದಿತ್ತು. ಆದರೆ ಅದನ್ನು ಬದಲಿಸಿದವರು ಯಾರು ಎಂದು ಕೇಳುತ್ತಿದ್ದರು. ನಾನು ಹೇಳಿದ್ದು ಇದು, ಒಂದಕ್ಷರವೂ ಮರೆತಿಲ್ಲ —

"ಸರಿಯಾಗಿ ಬಂದ್ ಮಾಡ್ಲಿಲ್ಲಂದ್ರ ಹಿಂಗ ಆಗ್ತದ್ರಿ ಸಾಹೇಬ್ರ."

ಎಲ್ಲರೂ ಸಂಗಮ್ಮನ ಕಡೆ ತಿರುಗಿದರು.

"ಇಲ್ರಿ ಸರ, ನಾ ಬಂದ್ ಮಾಡೇ ಹೋಗೀನ್ರಿ," ಎಂದರು ಆಕೆ. ಆಮೇಲೆ ನನ್ನ ಮುಖ ನೋಡಿದರು. ನಾನು ಅಲ್ಲೇ ಇದ್ದೆನಲ್ಲ, ನಾನು ಹೇಳುತ್ತೇನೆಂದು ಕಾದರು. ನಾನು ಕೀಬೋರ್ಡ್ ನೋಡುತ್ತಿದ್ದೆ. ಆಕೆಯ ದನಿ ಇಳಿಯಿತು. "ರೈಲಿಗಿ ಟೈಮ್ ಆಗಿತ್ತು... ಮಾಡಿದ್ದೆ ಅನಸ್ತದ್ರಿ."

ಅನಸ್ತದ. ಖಾತ್ರಿ ಇದ್ದ ಹೆಂಗಸಿನ ಬಾಯಿಂದ ಆ ಮಾತು ಬರುವಂತೆ ಮಾಡಿದವನು ನಾನು. ನಮ್ಮ ತಂದೆ ಶಾಲೆಯ ಮಾಸ್ತರರು, ನಾವು ಪೂಜೆ ಪುನಸ್ಕಾರದ ಮನೆಯವರು. ನನ್ನ ಮಾತಿನ ಮೇಲೆ ಅಲ್ಲಿ ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಮಷಿನ್ ಶಹಾಬಾದಿಗೆ ಒಯ್ದೆ. ಮನೆಯ ಮೇಜಿನ ಮೇಲಿಟ್ಟು ಮೋಡ್ ಹಿಂದಿರುಗಿಸಿದೆ. ಎದ್ದಿತು. ಒಂದು ಹೆಸರೂ ಹೋಗಿರಲಿಲ್ಲ. ಹಾಗೆಯೇ ಅದನ್ನು ಬಂದ್ ಮಾಡಿ ಮೂರು ದಿನ ಅಲ್ಲೇ ಇಟ್ಟುಕೊಂಡೆ — ಅಷ್ಟು ಬೇಗ ತಂದುಕೊಟ್ಟರೆ ದೊಡ್ಡ ಕೆಲಸ ಎನಿಸುವುದಿಲ್ಲವಲ್ಲ.

ಆ ಮೂರು ದಿನ ಸಂಗಮ್ಮ ಏನು ಮಾಡಿದರೆಂದರೆ, ಕೂತು ನೆನಪಿನಿಂದ ಪಟ್ಟಿ ಬರೆದರು. ಆ ವಾರ ಆಪರೇಷನ್ನಿಗೆ ಬರಬೇಕಾದವರದು. ಆಡಕಿಯ ಮುದುಕಿ, ಎಡಗಣ್ಣು. ಗುಂಡಗುರ್ತಿಯ ದರ್ಜಿ, ಎರಡೂ ಕಣ್ಣು, ಮೊದಲು ಬಲ. ಹೀಗೆ ಎರಡು ಹಾಳೆ. ಅದನ್ನು ನಂಬಿ ಆಪರೇಷನ್ ಮಾಡಲಾಗದು ಎಂದು ಡಾಕ್ಟರು ಬಂದವರನ್ನೆಲ್ಲ ವಾಪಸ್ ಕಳಿಸಿದರು. ಗುರುವಾರ ನಾನು ಮಷಿನ್ ತಂದು ಚಾಲೂ ಮಾಡಿ ಆ ಹಾಳೆಗಳನ್ನು ಅದರಲ್ಲಿದ್ದ ಪಟ್ಟಿಯ ಜೊತೆ ಹೋಲಿಸಿದೆ. ಒಂದೇ ಒಂದು ತಪ್ಪಿರಲಿಲ್ಲ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ. ಹಾಳೆಗಳನ್ನು ಮಡಚಿ ಕಸದ ಬುಟ್ಟಿಗೆ —

ಡಾಕ್ಟರು ನನ್ನ ಬೆನ್ನು ತಟ್ಟಿದರು. ಸಂಗಮ್ಮನಿಗೆ, "ನೀವು ಚೀಟಿ ಬರಿಯೋ ಕಡಿನೇ ಕುಂದ್ರಿ ಅಕ್ಕೋರ, ಇದರ ಉಸಾಬರಿ ಬ್ಯಾಡ," ಎಂದರು. ಬೈಯಲಿಲ್ಲ. ಬೈದಿದ್ದರೆ ಆಕೆ ಮಾತಾಡುತ್ತಿದ್ದರೇನೋ. ಆಸ್ಪತ್ರೆಯಲ್ಲಿ ಮಷಿನ್ ಕೆಡಿಸಿದಾಕಿ ಎಂಬ ಮಾತು ಉಳಿಯಿತು, ನಾಲವಾರದವರೆಗೂ ಹೋಯಿತು. ಸೊಸೆ ದುಡಿಯಲು ಹೋಗುವುದು ಮೊದಲಿಂದಲೂ ಇಷ್ಟವಿರದ ಅತ್ತೆಗೆ ಅಷ್ಟು ಸಾಕಾಯಿತು. ಎರಡು ತಿಂಗಳೊಳಗೆ ಸಂಗಮ್ಮ ಕೆಲಸ ಬಿಟ್ಟರು.

ಆಕೆ ಹೋದ ಮೇಲೆ ನಾನು ಅದೇ ಮಷಿನ್ನಿನಲ್ಲಿ ಆ ಮೋಡನ್ನು ಕ್ರಮವಾಗಿ ಬದಲಿಸಿದೆ. ಡ್ರೈವರ್ ಸೇರಿಸಿ, ಹೆಸರು ತಿದ್ದಿ, ಕೊನೆಗೆ ಬಯೋಸ್. ಮೊದಲ ಸಲಕ್ಕೇ ಎದ್ದಿತು. ಚುರುಕಾದದ್ದು ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

ವರ್ಷಗಳಾದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಸಂಗಮ್ಮ ಸಿಕ್ಕರು. ಅವರೇ ಗುರುತು ಹಿಡಿದು ಮಾತಾಡಿಸಿದರು. "ಅವತ್ತು ನೀವು ಇರ್ಲಿಲ್ಲಂದ್ರ ಆ ಮಂದಿ ಹೆಸರೆಲ್ಲಾ ಹೋಗ್ತಿದ್ವು ನೋಡ್ರಿ ಸರ. ನನ್ನ ಕೈಲಿಂದ ಭಾಳ ದೊಡ್ಡ ತಪ್ಪ ಆಗಿತ್ತು." ಊರಿನ ಪಂಚಾಯ್ತಿಯಲ್ಲಿ ಒಂದು ಕೆಲಸ ಖಾಲಿ ಇತ್ತಂತೆ, ಕರೆದು ಕೇಳಿದ್ದರಂತೆ. "ಕಂಪ್ಯೂಟರ್ ಬರ್ತದೇನು ಅಂದ್ರು. ಬರಂಗಿಲ್ಲ ಅಂದೆ."

ಆಗಲೂ ನಾನು ಹೇಳಲಿಲ್ಲ. ಅವರ ಗಾಡಿ ಬಂತು, ಕೈ ಮುಗಿದು ಹೋದರು. ನನಗೆ — ಕೈ ಮುಗಿದು.

ಒಂಬತ್ತು ದಿನ ತಡೆದೆ. ಹತ್ತನೆಯ ದಿನ ನಾಲವಾರಕ್ಕೆ ಹೋಗಿ, ಅವರ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಸಂಗಮ್ಮ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು. ನಾನು ಮುಗಿಸಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟರು.

"ಹಂಗಾದ್ರ ನಾ ಸರಿಯಾಗೇ ಬಂದ್ ಮಾಡಿದ್ದೆ ಏನ್ರಿ?"

"ಹೌದ್ರಿ. ನಾ ನೋಡೀನಿ."

"ನೀವು ನೋಡಿದ್ರಿ."

ಅದು ಪ್ರಶ್ನೆಯಾಗಿರಲಿಲ್ಲ. ನಾನು ತಲೆ ತಗ್ಗಿಸಿದೆ. ಕಣ್ಣಲ್ಲಿ ನೀರು ಬಂದದ್ದು ನನಗೆ, ಅವರಿಗಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಕೈಯೆತ್ತಿ ತಡೆದರು.

"ನನ್ನ ಮುಂದ ಹೇಳಿದ್ರ ಏನ್ ಆಗ್ತದ್ರಿ? ಬರ್ದು ಕೊಡ್ರಿ. ನಮ್ಮ ಅತ್ತಿ ಕೇಳ್ಬೇಕು, ನನ್ನ ಮಗಳು ಓದ್ಬೇಕು. ದವಾಖಾನಿಗಿ ಬೀ ಒಂದು ಕೊಡ್ರಿ." ಎದ್ದು ಒಳಗೆ ಹೊರಟವರು ಹೊಸ್ತಿಲಲ್ಲಿ ನಿಂತರು. "ಏನಾಗಿತ್ತು ಅಷ್ಟೇ ಬರೀರಿ. ಮಾಫಿ ಗೀಫಿ ಅಂತ ಅದ್ರಾಗ ಏನೂ ಹಾಕಬ್ಯಾಡ್ರಿ."

ಆದ್ದರಿಂದ ಹಾಕಿಲ್ಲ. ಏನಾಗಿತ್ತೋ ಅಷ್ಟನ್ನೇ ಬರೆದಿದ್ದೇನೆ. ಇದರ ಎರಡೂ ಪ್ರತಿಗಳ ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ, ನಾಳೆ ಬೆಳಗಿನ ಗಾಡಿ ಹಿಡಿದು ಮೊದಲು ಆಸ್ಪತ್ರೆಗೆ, ಅಲ್ಲಿಂದ ನಾಲವಾರಕ್ಕೆ ಹೋಗುತ್ತೇನೆ. ಅವರ ಅತ್ತೆಯ ಎದುರು ನಾನೇ ನಿಂತು ಓದುತ್ತೇನೆ.