ವಾಂಜಿರುವಿನ ಕೆಂಗೇರಿ ಮನೆ

ಮೆಟ್ರೋ ರೈಲು ಕೆಂಗೇರಿ ಕಡೆಯಿಂದ ವೈಟ್‌ಫೀಲ್ಡ್‌ವರೆಗೆ ನೇರವಾಗಿ ಓಡತೊಡಗಿದ ಮರುವರ್ಷದ ಮಾತು. ಆಗ ನಾನು ವೈದ್ಯಕೀಯ ಉಪಕರಣ ತಯಾರಿಸುವ ಒಂದು ಕಂಪನಿಯಲ್ಲಿ ಗ್ಲೋಬಲ್ ಮೊಬಿಲಿಟಿ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಸಣ್ಣದು. ಬೇರೆ ದೇಶದಿಂದ ನಮ್ಮಲ್ಲಿಗೆ ಬರುವ ನೌಕರರಿಗೆ ಮನೆ ಹುಡುಕಬೇಕು, ವೀಸಾ ನೋಂದಣಿ ಮಾಡಿಸಬೇಕು, ಬ್ಯಾಂಕ್ ಖಾತೆ, ಗ್ಯಾಸ್, ಡಾಕ್ಟರು ಎಲ್ಲ ತೋರಿಸಿಕೊಟ್ಟು ಅವರು ಇಲ್ಲಿ ನೆಲೆ ನಿಲ್ಲುವಂತೆ ನೋಡಿಕೊಳ್ಳಬೇಕು. ರಾಜಾಜಿನಗರದಲ್ಲೇ ಹುಟ್ಟಿ ಬೆಳೆದ ನನಗೆ ಈ ಊರಿನ ಬೀದಿಗಳು ಗೊತ್ತು, ಮನೆ ಮಾಲೀಕರ ಮನಸ್ಸೂ ಗೊತ್ತು ಎಂಬ ಧೈರ್ಯವಿತ್ತು.

ಆ ವರ್ಷ ಕೀನ್ಯಾ ದೇಶದಿಂದ ವಾಂಜಿರು ಎಂಬ ಎಂಜಿನಿಯರ್ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವಳದು ವ್ಯಾಲಿಡೇಶನ್ ಕೆಲಸ. ಯಂತ್ರವೊಂದು ಆಸ್ಪತ್ರೆಗೆ ಹೋಗುವ ಮೊದಲು ಹೇಳಿದಂತೆ ನಡೆಯುತ್ತದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿ ಒಪ್ಪಿಗೆ ಕೊಡುವುದು. ನಮ್ಮ ಫ್ಯಾಕ್ಟರಿ ಇದ್ದದ್ದು ಮೈಸೂರು ರಸ್ತೆಯಲ್ಲಿ, ಕೆಂಗೇರಿ ದಾಟಿದ ಮೇಲೆ. ಆದರೆ ವಿದೇಶಿ ನೌಕರರನ್ನು ಇಡಲು ಕಂಪನಿ ಒಪ್ಪಿದ್ದ ಬಡಾವಣೆಗಳೆಲ್ಲ ಊರಿನ ಪೂರ್ವಕ್ಕೆ, ವೈಟ್‌ಫೀಲ್ಡ್ ಸುತ್ತ. ವಾಂಜಿರು ಮೊದಲ ದಿನವೇ ಹೇಳಿದಳು: "ನಾನು ಕೆಲಸ ಮಾಡುವ ಕಡೆಯೇ ಬದುಕಬೇಕು. ಇಲ್ಲದಿದ್ದರೆ ನಾನು ನೋಡುವುದು ಬರೀ ರೈಲು."

ನ್ಯಾಯವಾದ ಮಾತು. ನಮ್ಮ ಪ್ಲಾಂಟ್ ಮುಖ್ಯಸ್ಥರು ವಿಶೇಷ ಅನುಮತಿಗೆ ಸಹಿ ಹಾಕಿದರು. ನಾನು ಮನೆ ಹುಡುಕಲು ಹೊರಟೆ. ನನ್ನ ಧೈರ್ಯ ಕರಗಿದ್ದು ಅಲ್ಲಿ. ಬಸವೇಶ್ವರನಗರದಲ್ಲಿ ಫೋನಿನಲ್ಲಿ ಒಪ್ಪಿದ ಮಾಲೀಕರೊಬ್ಬರು, ಅವಳನ್ನು ಗೇಟಿನ ಬಳಿ ಕಂಡು ನನ್ನನ್ನು ಪಕ್ಕಕ್ಕೆ ಕರೆದರು. "ಫಾರಿನರ್ ಅಂದ್ರಿ ಮೇಡಂ. ನಾನು ಬೆಳ್ಳಗಿರೋರು ಅಂದ್ಕೊಂಡೆ." ವಿಜಯನಗರದಲ್ಲಿ ಒಬ್ಬರಿಗೆ ಅದೇ ಬೆಳಿಗ್ಗೆ ಇದ್ದಕ್ಕಿದ್ದಂತೆ ಮಗಳು ಅಳಿಯ ಬಂದು ಇರಲಿದ್ದಾರೆಂಬುದು ನೆನಪಾಯಿತು. ಕಾರಿನಲ್ಲಿ ಕೂತ ವಾಂಜಿರುವಿಗೆ ಪ್ರತಿ ಸಲವೂ ನಾನು ಏನೋ ಒಂದು ಕಾರಣ ಹೇಳುತ್ತಿದ್ದೆ. ಅವಳು ಕಿಟಕಿಯಾಚೆ ನೋಡುತ್ತ "ಸರಿ" ಎನ್ನುತ್ತಿದ್ದಳು. ಕಾರಣ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಕೆಂಗೇರಿ ಉಪನಗರದಲ್ಲಿ ಗೌರಮ್ಮನವರ ಮನೆ ಸಿಕ್ಕಿತು. ಅವರ ಮನೆತನದ್ದು ಹಳೇ ಕೆಂಗೇರಿಯಲ್ಲಿ ಬೇಸಾಯ. ಈಗ ಹೊಲ ಹೋಗಿ ಮೂರು ಅಂತಸ್ತಿನ ಬಾಡಿಗೆ ಮನೆ ಎದ್ದಿದೆ. ಅವರು ವಾಂಜಿರುವನ್ನು ತಲೆಯಿಂದ ಕಾಲಿನವರೆಗೆ ನೋಡಿ ನನ್ನನ್ನು ಕೇಳಿದರು: "ಊಟಕ್ಕೇನು ಮಾಡ್ತಾಳೆ?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಅಂಗಳದಲ್ಲಿ ಬಟ್ಟೆಯ ಮೇಲೆ ಒಣಗಲು ಹಾಕಿದ್ದ ರಾಗಿಯತ್ತ ಕೈ ತೋರಿಸಿ, "ಇದು ನಮ್ಮಲ್ಲೂ ಇದೆ. ಅಮ್ಮ ಗಂಜಿ ಮಾಡ್ತಾಳೆ," ಎಂದಳು. ಅದನ್ನು ಕನ್ನಡದಲ್ಲಿ ಹೇಳಿದಾಗ ಗೌರಮ್ಮ, "ಹೌದಾ? ಹಂಗಾದ್ರೆ ಬರ್ಲಿ ಬಿಡಿ," ಎಂದು ಕೀಲಿ ತರಲು ಒಳಗೆ ಹೋದರು.

ಮುಂದಿನ ಕೆಲವು ತಿಂಗಳು ನನ್ನ ವೃತ್ತಿಯಲ್ಲಿ ನಾನು ಕಂಡ ಅಪರೂಪದ ಕಾಲ. ಬಂದ ವಿದೇಶಿಯರಲ್ಲಿ ಹೆಚ್ಚಿನವರು ದಿನ ಎಣಿಸುತ್ತಿದ್ದರು. ಇವಳು ಬದುಕುತ್ತಿದ್ದಳು. ಅದಕ್ಕೆ ಮುಖ್ಯ ಕಾರಣ ಅವಳ ಜೊತೆ ಲ್ಯಾಬಿನಲ್ಲಿದ್ದ ಶಿಲ್ಪಾ, ಬಾಗಲಕೋಟೆ ಕಡೆಯ ಹುಡುಗಿ, ಬ್ಯಾಡರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದವಳು. ಇಬ್ಬರೂ ಈ ಊರಿಗೆ ಹೊರಗಿನವರೇ. ಭಾನುವಾರ ಬಂತೆಂದರೆ ಶಿಲ್ಪಾಳ ಸ್ಕೂಟರ್ ಏರಿ ಹೊರಟುಬಿಡುತ್ತಿದ್ದರು. ಒಂದು ವಾರ ದೊಡ್ಡ ಆಲದ ಮರ, ಇನ್ನೊಂದು ವಾರ ತುರಹಳ್ಳಿ ಕಾಡು, ಮತ್ತೊಂದು ವಾರ ಬಿಡದಿಯ ತಟ್ಟೆ ಇಡ್ಲಿ. ಸೋಮವಾರ ವಾಂಜಿರು ಲ್ಯಾಬಿಗೆ ಶಿಳ್ಳೆ ಹಾಕುತ್ತ ಬರುತ್ತಿದ್ದಳು. ಯಾರಾದರೂ ಮನೆಗೆ ಹೊರಟರೆ "ಬರ್ತೀನಿ ಅನ್ಬೇಕು ಕಣೇ, ಹೋಗ್ತೀನಿ ಅನ್ಬಾರ್ದು" ಎಂದು ತಿದ್ದುವಷ್ಟು ಗೌರಮ್ಮ ಅವಳನ್ನು ತಯಾರು ಮಾಡಿದ್ದರು. ತಿಂಗಳುಗಟ್ಟಲೆ ಬಾಕಿ ಬಿದ್ದಿದ್ದ ಎರಡು ಯಂತ್ರಗಳ ಪರೀಕ್ಷೆ ಅವಳ ಕೈಯಲ್ಲಿ ಮುಗಿಯಿತು.

ಆಮೇಲೆ ಬಂತು ಸಾವನದುರ್ಗದ ಭಾನುವಾರ.

ವಿದೇಶಿ ನೌಕರರೆಲ್ಲ ತಮ್ಮ ಫೋನಿನಲ್ಲಿ ಒಂದು ಆ್ಯಪ್ ಇಟ್ಟುಕೊಂಡು, ರಜಾ ದಿನಗಳಲ್ಲಿ ಮಧ್ಯಾಹ್ನ ಒಮ್ಮೆ 'ಕ್ಷೇಮ' ಎಂಬ ಗುಂಡಿ ಒತ್ತಬೇಕಿತ್ತು. ಇದಕ್ಕೆ ಡ್ಯೂಟಿ ಆಫ್ ಕೇರ್ ಎನ್ನುತ್ತಾರೆ; ನೌಕರರ ಸುರಕ್ಷತೆಗೆ ಕಂಪನಿ ಹೊಣೆ ಎಂಬ ನಿಯಮ. ಅಂದು ವಾಂಜಿರು ಒತ್ತಲಿಲ್ಲ. ಬೆಟ್ಟದ ಮೇಲೆ ಸಿಗ್ನಲ್ ಇರಲಿಲ್ಲ, ಅಷ್ಟೆ. ಆದರೆ ಸಿಂಗಪುರದಲ್ಲಿ ಕೂತ ನಮ್ಮ ಕಂಪನಿಯ ರಿಸ್ಕ್ ವಿಭಾಗದಿಂದ ನನಗೆ ಫೋನಿನ ಮೇಲೆ ಫೋನು. ನಾದಿನಿಯ ಮನೆಯ ನಾಮಕರಣದಲ್ಲಿದ್ದೆ. ಎಲೆ ಬಿಟ್ಟು ಎದ್ದೆ. ಸಂಜೆ ಹೊತ್ತಿಗೆ ಶಿಲ್ಪಾ ಫೋನಿಗೆ ಸಿಕ್ಕಳು.

"ಎಲ್ಲಿದ್ದೀರಿ ನೀವಿಬ್ರೂ?" ಎಂದು ರೇಗಿದೆ.

"ಮಾಗಡಿ ರೋಡಿನ್ಯಾಗ ಚಾ ಕುಡ್ಯಾಕತ್ತೀವ್ರಿ ಮೇಡಂ. ಯಾಕ್ರೀ, ಏನಾತು?"

ಏನೂ ಆಗಿರಲಿಲ್ಲ. ಸಿಂಗಪುರದವರಿಗೆ ಅದನ್ನೇ ಬರೆದೆ. ಆದರೆ ಒಮ್ಮೆ ಕಡತ ತೆರೆದವರು ಸುಮ್ಮನೆ ಮುಚ್ಚುತ್ತಾರೆಯೇ? ಇವಳಿಗೇಕೆ ಒಪ್ಪಿಗೆಯಿಲ್ಲದ ಬಡಾವಣೆಯಲ್ಲಿ ಮನೆ, ಇವಳೇಕೆ ಸ್ಕೂಟರಿನ ಹಿಂದೆ ಕೂರುತ್ತಾಳೆ ಎಂಬ ಪ್ರಶ್ನೆಗಳು ಶುರುವಾದವು. ವಿಶೇಷ ಅನುಮತಿ ರದ್ದಾಯಿತು. ತಿಂಗಳೊಳಗೆ ಅವಳನ್ನು ವೈಟ್‌ಫೀಲ್ಡಿಗೆ ಸ್ಥಳಾಂತರಿಸಿ ಎಂದು ಆದೇಶ ಬಂತು. ವಿಡಿಯೋ ಮೀಟಿಂಗಿನಲ್ಲಿ ನಾನು ವಾದ ಮಾಡಿದೆ. "ಅವಳಿಗೆ ಇಲ್ಲಿ ನೆರೆಹೊರೆ ಇದೆ. ಜ್ವರ ಬಂದಾಗ ಮಾಲೀಕರೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಾರೆ." ರಿಸ್ಕ್ ಅಧಿಕಾರಿ ನಗುಮುಖದಲ್ಲೇ ಹೇಳಿದರು: "ನೆರೆಹೊರೆಯನ್ನು ಅಳೆಯಲು ನಮಗೆ ಬರುವುದಿಲ್ಲ. ಸಿಸಿಟಿವಿಯನ್ನು ಅಳೆಯಬಹುದು."

ಮೇಲ್ಮನವಿ ಹಾಕಿದೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ. ಇನ್ನೊಂದು ಹಾಕಿದೆ. ಅದೇ ಉತ್ತರ. ನಮ್ಮ ಪ್ಲಾಂಟ್ ಮುಖ್ಯಸ್ಥರೂ ಕೈಚೆಲ್ಲಿದರು. "ಬಿಡಿ ಸುಮಿತ್ರಾ, ಒಳ್ಳೇ ಅಪಾರ್ಟ್‌ಮೆಂಟ್ ತಾನೆ ಕೊಡ್ತಿರೋದು?"

ಮನೆ ಖಾಲಿ ಮಾಡುವ ದಿನ ಗೌರಮ್ಮ ನಾನು ಚಾಚಿದ ಕೀಲಿಯನ್ನು ಮುಟ್ಟದೆ, ಕಟ್ಟೆಯ ಮೇಲಿಡುವಂತೆ ಬೆರಳು ತೋರಿಸಿದರು. ವಾಂಜಿರು ಅವರ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ ಅವಳ ತೋಳು ಹಿಡಿದು ಎಬ್ಬಿಸಿ, ರಾಗಿ ಹಿಟ್ಟಿನ ಡಬ್ಬ ಕೈಗಿಟ್ಟು ಒಳಗೆ ಹೋದರು.

ವೈಟ್‌ಫೀಲ್ಡಿನ ಮನೆ ಹದಿನಾಲ್ಕನೇ ಅಂತಸ್ತಿನಲ್ಲಿತ್ತು. ಈಜುಕೊಳ, ಜಿಮ್, ಗೇಟಿನಲ್ಲಿ ಮೂವರು ಕಾವಲುಗಾರರು. ಫ್ಯಾಕ್ಟರಿಗೆ ಹೋಗಿ ಬರುವುದರಲ್ಲೇ ಅವಳ ಬೆಳಗು ಸಂಜೆಗಳು ಕಳೆದವು. ಶಿಲ್ಪಾ ಎರಡು ಭಾನುವಾರ ಅಷ್ಟು ದೂರ ಹೋದಳು. ಎರಡನೆಯ ಸಲ ಗೇಟಿನಲ್ಲಿ ಅವಳನ್ನು ಮನೆಗೆಲಸಕ್ಕೆ ಬಂದವಳೆಂದು ತಿಳಿದು ಬೇರೆ ಬಾಗಿಲಿಗೆ ಕಳಿಸಿದರಂತೆ. ಮತ್ತೆ ಹೋಗಲಿಲ್ಲ. ನಾನೇ ಒಂದು ಶನಿವಾರ ನೋಡಲು ಹೋದೆ. ಅಡುಗೆಮನೆಯ ಕಟ್ಟೆ ಒರೆಸಿಟ್ಟಂತೆ ಖಾಲಿಯಿತ್ತು. ಏನೂ ತೊಂದರೆ ಇಲ್ಲ ತಾನೆ ಎಂದು ಕೇಳಿದೆ, ಕೇಳಬಾರದಿತ್ತು ಎಂದು ಗೊತ್ತಿದ್ದೂ.

"ಇಲ್ಲಿ ನನಗೆ ಯಾವ ಅಪಾಯವೂ ಇಲ್ಲ ಮೇಡಂ," ಎಂದಳು. "ಯಾರೂ ಇಲ್ಲ."

ಅಲ್ಲಿಗೆ ಹೋದ ಮೇಲೆ ಅವಳು ಒಂದು ಸಲವೂ 'ಕ್ಷೇಮ' ಒತ್ತಲು ಮರೆಯಲಿಲ್ಲ. ಒತ್ತದೆ ಇರಲು ಅವಳಿಗೆ ಬೇರೆ ಕೆಲಸವೇನಿತ್ತು? ಎರಡು ವರ್ಷದ ಒಪ್ಪಂದದಲ್ಲಿ ಒಂದು ವರ್ಷ ಮುಗಿದದ್ದೇ ತಡ, ನೈರೋಬಿಗೆ ವಾಪಸು ಹೋಗುವೆನೆಂದು ಪತ್ರ ಕೊಟ್ಟಳು. ವಿಮಾನ ನಿಲ್ದಾಣಕ್ಕೆ ಶಿಲ್ಪಾ ಬಂದಿದ್ದಳು. ಇಬ್ಬರೂ ತಬ್ಬಿಕೊಂಡು ಅಳುವಾಗ ನಾನು ಪಾಸ್‌ಪೋರ್ಟು, ಲಗೇಜು ಎಂದು ಏನೋ ಗೊಣಗುತ್ತ ನಿಂತಿದ್ದೆ. ಆ ವಾರವೇ ಸಿಂಗಪುರದಿಂದ ಮೇಲ್ ಬಂತು. ನಿಯೋಜನೆ ಯಾವುದೇ ಅಹಿತಕರ ಘಟನೆಯಿಲ್ಲದೆ ಮುಗಿದದ್ದಕ್ಕೆ ನನಗೆ ಅಭಿನಂದನೆ. ಅದನ್ನು ಓದಿದಾಗ ಆದಷ್ಟು ಸಿಟ್ಟು ನನಗೆ ಇಡೀ ನೌಕರಿಯಲ್ಲಿ ಇನ್ಯಾವತ್ತೂ ಬಂದದ್ದಿಲ್ಲ.

ಕೆಲವು ತಿಂಗಳ ಮೇಲೆ ಗೌರಮ್ಮ ಫೋನ್ ಮಾಡಿದರು. "ಮೇಡಂ, ಮೇಲಿನ ಮನೆ ಮತ್ತೆ ಖಾಲಿಯಾಗೈತೆ. ನಿಮ್ಮ ಕಂಪ್ನೀಗೆ ಹೊರದೇಶದೋರು ಯಾರಾದ್ರೂ ಬಂದವ್ರಾ?"

ಬಂದಿದ್ದರು. ಆದರೆ ನಿಮ್ಮ ಏರಿಯಾ ಸುರಕ್ಷಿತ ಎಂದು ಕಂಪನಿ ಒಪ್ಪುವುದಿಲ್ಲ ಎಂದು ಹೇಳಬೇಕಾಯಿತು.

"ಅಲ್ಲ ಮೇಡಂ, ಮತ್ತೆ ನಾವೆಲ್ಲ ಇಲ್ಲಿ ಹೆಂಗ್ ಬದುಕಿದೀವಿ?"

ಈಗ ನಿವೃತ್ತಳಾಗಿದ್ದೇನೆ. ನನ್ನ ಜಾಗಕ್ಕೆ ಬಂದವಳು ಆಗಾಗ ಸಲಹೆ ಕೇಳುತ್ತಾಳೆ. ಅವಳಿಗೆ ಒಂದೇ ಹೇಳುತ್ತೇನೆ. ಪರದೇಶದಿಂದ ಬಂದವರಿಗೆ ಮನೆ ಗೊತ್ತು ಮಾಡುವಾಗ ಲಿಫ್ಟು, ಗೇಟು, ಜನರೇಟರ್ ಆಮೇಲೆ ನೋಡು. ಭಾನುವಾರ ಇವರನ್ನು ಹೊರಗೆ ಕರೆದುಕೊಂಡು ಹೋಗುವವರು ಯಾರು ಎಂದು ಮೊದಲು ಕೇಳು. ಅದಕ್ಕೆ ಉತ್ತರ ಸಿಗದಿದ್ದರೆ, ಅದೆಂಥ ಅರಮನೆಯಾದರೂ ಅವರು ಪೆಟ್ಟಿಗೆ ಬಿಚ್ಚುವುದಿಲ್ಲ.